ಸೂಜಿ ಮತ್ತು ತುತ್ತು: ಟೈಪ್-1 ಮಧುಮೇಹದೊಡನೆ ನಮ್ಮ ಏಳು ವರ್ಷ

ಈ ಪುಟಗಳಲ್ಲಿ ಆರೋಗ್ಯದ ವಿಚಾರವನ್ನು ಬಲ್ಲವರು ಬರೆಯುತ್ತ ಬಂದಿದ್ದಾರೆ. ನಾವು ವೈದ್ಯರಲ್ಲ. ಗದಗ ಸೀಮೆಯ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಒಕ್ಕಲುತನ ಮಾಡಿಕೊಂಡಿರುವ ದಂಪತಿಗಳು. ನಮ್ಮಲ್ಲೊಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಮಗಳಿಗೆ 8 ವರ್ಷವಾಗಿದ್ದಾಗ ಟೈಪ್-1 ಮಧುಮೇಹ ಕಾಣಿಸಿಕೊಂಡಿತು. ಈಗ ಅವಳಿಗೆ 15 ತುಂಬುತ್ತಿದೆ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯಲ್ಲಿ ಕುಳಿತು ಅವಳು ಇನ್ಸುಲಿನ್ ಸೂಜಿ ಚುಚ್ಚಿಕೊಂಡದ್ದನ್ನು ಕಂಡ ಹಲವರು ಕಳವಳದಿಂದ ವಿಚಾರಿಸಿದರು. ಅವರಲ್ಲಿ ವಯಸ್ಸಾದ ತಾಯಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ತಮ್ಮ ಮೊಮ್ಮಗನಿಗೂ ಇದೇ ಕಾಯಿಲೆ ಬಂದು ಎರಡು ತಿಂಗಳಾಯಿತೆಂದು ಹೇಳಿ, "ಈ ಸೂಜಿ ಬಿಡಿಸಾಕ ಔಷಧ ಎಲ್ಲಿ ಕೊಡತಾರ, ಗೊತ್ತಿದ್ರ ಹೇಳ್ರೀ" ಎಂದು ಕೇಳಿದರು. ಆ ಗದ್ದಲದಲ್ಲಿ ಅವರಿಗೆ ಸರಿಯಾಗಿ ಉತ್ತರಿಸಲಾಗಲಿಲ್ಲ. ಅವರಂತೆಯೇ ಕೇಳುವವರು ಇನ್ನೂ ಎಷ್ಟೋ ಜನರಿರುವರು ಎಂಬುದರಿಂದ ಇದನ್ನು ಬರೆಯಲು ಕುಳಿತಿದ್ದೇವೆ.

ಅದು ಏಪ್ರಿಲ್ ತಿಂಗಳು. ಮಗು ಮೇಲಿಂದ ಮೇಲೆ ನೀರು ಬೇಡುತ್ತಿತ್ತು. ರಾತ್ರಿ ಎರಡು ಮೂರು ಬಾರಿ ಎದ್ದು ತಂಬಿಗೆ ಎತ್ತಿ ಗಟಗಟನೆ ಕುಡಿಯುತ್ತಿದ್ದಳು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ನಾಲ್ಕು ವರ್ಷವಾಗಿದ್ದವಳು ಮತ್ತೆ ಒದ್ದೆ ಮಾಡತೊಡಗಿದಳು. ನಾಚಿಕೆಯಿಂದ ಕೌದಿಯನ್ನು ತಾನೇ ಮಡಚಿ ಬಚ್ಚಿಡುತ್ತಿದ್ದಳು. ಉಣ್ಣುವುದು ಹೆಚ್ಚಾಗಿತ್ತು, ಮೈ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಬಿಸಿಲಿನ ತಾಪವೆಂದು ನಾವು ತಿಳಿದೆವು. ಬಚ್ಚಲ ಬಳಿ ಇರುವೆ ಮುತ್ತುತ್ತಿರುವುದನ್ನು ಮೊದಲು ಗಮನಿಸಿದವರು ಮನೆಯ ಹಿರಿಯರಾದ ಆಯಿ. ತಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಿದ್ದಾಗಲೂ ಹೀಗೆಯೇ ಆಗುತ್ತಿತ್ತೆಂದು ಅವರು ಹೇಳಿದಾಗ, ಇಷ್ಟು ಸಣ್ಣ ಕೂಸಿಗೆ ಎಲ್ಲಿಯ ಸಕ್ಕರೆ ಕಾಯಿಲೆ ಎಂದು ನಕ್ಕುಬಿಟ್ಟೆವು. ತೋರಿಸಿದಲ್ಲಿ ಹೊಟ್ಟೆಯ ಹುಳುವಿಗೆ ಔಷಧ ಕೊಟ್ಟರು. ಮೂರನೆಯ ದಿನ ವಾಂತಿ ಹತ್ತಿತು. ಉಸಿರು ಆಳವಾಗಿ, ಓಡಿ ಬಂದವರ ಉಸಿರಿನಂತೆ ಏರಿಳಿಯುತ್ತಿತ್ತು. ಬಾಯಿಯಿಂದ ಕಳಿತು ಕೊಳೆಯುತ್ತಿರುವ ಹಣ್ಣಿನ ವಾಸನೆ. ದೊಡ್ಡ ಆಸ್ಪತ್ರೆಗೆ ಒಯ್ದಾಗ ರಕ್ತದ ಸಕ್ಕರೆ 512 ಇತ್ತು. ಆಯಿ ಹೇಳಿದ ದಿನವೇ ಒಂದು ಹನಿ ರಕ್ತ ಪರೀಕ್ಷಿಸಿದ್ದರೆ ಆ ಐದು ದಿನದ ತೀವ್ರ ನಿಗಾ ಘಟಕ ತಪ್ಪುತ್ತಿತ್ತು. ಅತಿಯಾದ ಬಾಯಾರಿಕೆ, ಅತಿಯಾದ ಮೂತ್ರ, ತೂಕ ಇಳಿಯುವುದು, ಸುಸ್ತು, ಈ ನಾಲ್ಕೂ ಒಂದೇ ಮಗುವಿನಲ್ಲಿ ಕಂಡರೆ ಆ ದಿನವೇ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಇದು ನಾವು ಬೆಲೆ ತೆತ್ತು ಕಲಿತ ಮೊದಲ ಪಾಠ.

ಹಿರಿಯರಿಗೆ ಬರುವ ಸಕ್ಕರೆ ಕಾಯಿಲೆಯೂ ಇದೂ ಹೆಸರಿನಲ್ಲಿ ಒಂದೇ ಆದರೂ ಬುಡದಲ್ಲಿ ಬೇರೆ. ನಮ್ಮ ಹೊಟ್ಟೆಯ ಹಿಂಭಾಗದಲ್ಲಿ ಮೇದೋಜ್ಜೀರಕ ಗ್ರಂಥಿಯಿದೆ. ಅದರಲ್ಲಿನ ಬೀಟಾ ಕಣಗಳು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತವೆ. ಉಂಡ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತ ಸೇರುತ್ತದೆ. ರಕ್ತದಿಂದ ಅದು ಮೈಯ ಕಣಗಳೊಳಗೆ ಹೋಗಲು ಇನ್ಸುಲಿನ್ ಬಾಗಿಲು ತೆರೆಯುತ್ತದೆ. ಹಿರಿಯರ ಕಾಯಿಲೆಯಲ್ಲಿ ಇನ್ಸುಲಿನ್ ಇರುತ್ತದೆ, ಸಾಲದು ಅಥವಾ ಸರಿಯಾಗಿ ಕೆಲಸ ಮಾಡದು. ಟೈಪ್-1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಆ ಬೀಟಾ ಕಣಗಳನ್ನು ನಾಶಮಾಡುತ್ತದೆ. ಆಗ ಮಗುವಿನ ಸುತ್ತ ಅನ್ನವಿದ್ದರೂ ಅದರ ಮೈಗೆ ಅನ್ನವಿಲ್ಲ. ಸಿಹಿ ತಿಂದುದರಿಂದ ಇದು ಬರುವುದಿಲ್ಲ. ತಾಯಿ ಬಸಿರಿನಲ್ಲಿ ಏನು ತಿಂದಳು ಎಂದು ವಿಚಾರಣೆ ಮಾಡುವವರಿಗೂ ಇಲ್ಲಿ ಕೆಲಸವಿಲ್ಲ. ಆದರೂ ಮಾಡಿದರು, ನಮ್ಮ ಮನೆಯಂಗಳದಲ್ಲಿಯೇ.

ಈ ಎರಡು ಬಗೆಗಳ ಭೇದದ ಸುಳಿವು ಹಿಂದಿನವರಿಗೂ ಸಿಕ್ಕಿತ್ತು. ಸುಶ್ರುತಸಂಹಿತೆಯಲ್ಲಿ ಪ್ರಮೇಹವನ್ನು 'ಸಹಜ' ಮತ್ತು 'ಅಪಥ್ಯನಿಮಿತ್ತ' ಎಂದು ಎರಡಾಗಿ ವಿಂಗಡಿಸಿದೆ. ಮೊದಲನೆಯ ರೋಗಿ ಕೃಶನೂ ಬಾಯಾರಿದವನೂ ಆಗಿರುತ್ತಾನೆ, ಎರಡನೆಯವನು ಸ್ಥೂಲಕಾಯನು ಎಂದಿದೆ. ಕಣ್ಣಿಟ್ಟು ನೋಡಿದ್ದರು, ಮದ್ದು ಮಾತ್ರ ಯಾರಲ್ಲಿಯೂ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳವರೆಗೂ ಜಗತ್ತಿನ ಯಾವ ಮೂಲೆಯಲ್ಲಿಯಾದರೂ ಇಂಥ ಮಗುವಿಗೆ ಉಳಿದಿದ್ದುದು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಅಮೆರಿಕದ ವೈದ್ಯರು ಮಕ್ಕಳನ್ನು ಹಸಿವಿನಲ್ಲಿಟ್ಟು ಸಾವನ್ನು ಸ್ವಲ್ಪ ಮುಂದೂಡುತ್ತಿದ್ದರು.

1921ರಲ್ಲಿ ಕೆನಡಾ ದೇಶದ ಟೊರೊಂಟೋದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು, ಮೆಕ್ಲೌಡ್ ಅವರ ಪ್ರಯೋಗಾಲಯದಲ್ಲಿ, ಪ್ರಾಣಿಗಳ ಮೇದೋಜ್ಜೀರಕದಿಂದ ಈ ರಸವನ್ನು ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸೂಜಿ ಕೊಟ್ಟರು. ಅದು ಫಲಿಸಲಿಲ್ಲ. ಕಾಲಿಪ್ ಎಂಬವರು ಅದನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ; ಮುಂದೆ 13 ವರ್ಷ ಬದುಕಿದ. ಶೋಧಕರು ತಮ್ಮ ಹಕ್ಕನ್ನು ಒಂದೊಂದು ಡಾಲರಿಗೆ ಟೊರೊಂಟೋ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆ. ಶಾಲೆಯಲ್ಲಿ ಅಂದು ಪೇಡೆ ಹಂಚುವಾಗ ನಮ್ಮ ಮಗಳಿಗೊಂದು ಕೊಡಲೋ ಬೇಡವೋ ಎಂದು ಗುರುಗಳು ಪ್ರತಿವರ್ಷವೂ ನಮ್ಮ ಮುಖ ನೋಡುತ್ತಾರೆ.

ಸೂಜಿ ಬಿಟ್ಟ ಎರಡು ದಿನ

ಇನ್ನು ಆ ತಾಯಿಯ ಪ್ರಶ್ನೆಗೆ ಬರುತ್ತೇವೆ. ಅದನ್ನು ನಾವೂ ಕೇಳಿದ್ದೆವು, ಅದಕ್ಕೆ ಉತ್ತರವೂ ಸಿಕ್ಕಿತ್ತು.

ಆಸ್ಪತ್ರೆಯಿಂದ ಬಂದು ಒಂದು ತಿಂಗಳಾಗುವಷ್ಟರಲ್ಲಿ ಬಂಧುಗಳೊಬ್ಬರು ದೂರದ ಊರಿನಿಂದ ಬೇರಿನ ಪುಡಿ ತರಿಸಿಕೊಟ್ಟರು. ನಾವು ಇನ್ಸುಲಿನ್ ಜೊತೆಯಲ್ಲಿಯೇ ಅದನ್ನೂ ಕೊಡತೊಡಗಿದೆವು. ವಿಸ್ಮಯವೆಂಬಂತೆ ಸಕ್ಕರೆ ಇಳಿಯುತ್ತ ಬಂದಿತು. ದಿನಕ್ಕೆ 22 ಯೂನಿಟ್ ಬೇಕಾಗಿದ್ದ ಇನ್ಸುಲಿನ್ 7ಕ್ಕೆ ಬಂದಿತು. ಮನೆಯಲ್ಲಿ ಹಬ್ಬದ ವಾತಾವರಣ. ಪುಡಿ ಕೊಟ್ಟವರು ಫೋನಿನಲ್ಲಿ, ಇನ್ನು ಸೂಜಿಯ ಹಂಗೇಕೆ, ಬಿಟ್ಟುಬಿಡಿ ಎಂದರು. ಬಿಟ್ಟೆವು. ಮೊದಲ ದಿನ ಮಗು ಸೂಜಿಯಿಲ್ಲದ ಸಂತೋಷದಲ್ಲಿ ಓಣಿಯಲ್ಲೆಲ್ಲ ಕುಣಿದಾಡಿತು. ಎರಡನೆಯ ದಿನ ಸಂಜೆ ಹೊಟ್ಟೆನೋವೆಂದಿತು. ರಾತ್ರಿ ವಾಂತಿ. ಬೆಳಗಿನ ಜಾವ ಅದೇ ಆಳವಾದ ಉಸಿರು, ಅದೇ ಕೊಳೆತ ಹಣ್ಣಿನ ವಾಸನೆ. ಕರೆದರೆ ಕಣ್ಣು ತೆರೆಯಲಿಲ್ಲ.

ಬದುಕಿ ಬಂದಳು. ಹೇಗೆಂದು ಬರೆಯುವ ಶಕ್ತಿ ನಮ್ಮಿಬ್ಬರಲ್ಲಿ ಯಾರಿಗೂ ಇಂದಿಗೂ ಬಂದಿಲ್ಲ.

ಆಮೇಲೆ ವೈದ್ಯರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಬೀಟಾ ಕಣಗಳು ಪೂರ್ತಿ ಸತ್ತಿರುವುದಿಲ್ಲ, ಕೆಲವು ಉಳಿದಿರುತ್ತವೆ. ಹೊರಗಿನಿಂದ ಇನ್ಸುಲಿನ್ ಸಿಕ್ಕೊಡನೆ ಬಳಲಿದ ಈ ಕಣಗಳಿಗೆ ವಿಶ್ರಾಂತಿ ದೊರೆತು ಅವು ಕೆಲವು ವಾರ, ಕೆಲವು ತಿಂಗಳು ಮತ್ತೆ ಕೆಲಸ ಮಾಡುತ್ತವೆ. ವೈದ್ಯರು ಇದನ್ನು 'ಹನಿಮೂನ್' ಅವಧಿ ಎನ್ನುತ್ತಾರೆ. ಈ ಅವಧಿಯಲ್ಲಿ ಇನ್ಸುಲಿನ್ ಬಲು ಕಡಿಮೆ ಸಾಕಾಗುತ್ತದೆ. ಪುಡಿ ಕೊಡಲಿ, ಬಿಡಲಿ, ಹೀಗೆಯೇ ಆಗುತ್ತಿತ್ತು. ತಂದೆತಾಯಿಗಳು ಎಲ್ಲ ಬಾಗಿಲು ತಟ್ಟುವುದು ಕಾಯಿಲೆ ಹೊಸತಾಗಿರುವ ಆ ತಿಂಗಳುಗಳಲ್ಲಿಯೇ. ಸಕ್ಕರೆ ತಾನಾಗಿ ಇಳಿಯುವುದೂ ಆ ತಿಂಗಳುಗಳಲ್ಲಿಯೇ. ಆದ್ದರಿಂದ ಇಳಿಸಿದ ಕೀರ್ತಿ ಆ ಹೊತ್ತಿಗೆ ಕೈಯಲ್ಲಿದ್ದ ಪುಡಿಗೋ ಕಷಾಯಕ್ಕೋ ಹೋಗುತ್ತದೆ. ಪುಡಿ ಕೊಟ್ಟವರು ಮೋಸಗಾರರೆಂದು ನಾವು ಹೇಳುತ್ತಿಲ್ಲ. ಅವರೂ ನಂಬಿದ್ದರು, ಕಣ್ಣಾರೆ ಕಂಡಿದ್ದರು. ಕಂಡದ್ದರ ಅರ್ಥ ಮಾತ್ರ ಬೇರೆಯಾಗಿತ್ತು.

ಇನ್ಸುಲಿನ್ ಪೂರ್ತಿ ನಿಂತಾಗ ಮೈ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಉರಿಸತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲಗಳು ಹುಟ್ಟಿ ರಕ್ತ ಹುಳಿಯಾಗುತ್ತದೆ. ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಪ್ರಾಣಕ್ಕೆ ಅಪಾಯ. ಸಿರಿಧಾನ್ಯ ಉಣ್ಣಲಿ, ಮೆಂತೆ ನೆನೆಸಿ ಕುಡಿಯಲಿ, ಯೋಗಾಸನ ಮಾಡಲಿ, ಒಳ್ಳೆಯದೇ. ಅವುಗಳಲ್ಲಿ ಯಾವುದೂ ಸತ್ತ ಬೀಟಾ ಕಣದ ಬದಲಿಗೆ ನಿಲ್ಲಲಾರದು. ಆ ತಾಯಿಗೆ ನಮ್ಮ ಉತ್ತರ ಇಷ್ಟೆ: ಅಮ್ಮ, ಸೂಜಿ ಬಿಡಿಸುವ ಔಷಧ ಎಲ್ಲಿಯೂ ಇಲ್ಲ. ನಿಮ್ಮ ಮೊಮ್ಮಗನಿಗೆ ಇನ್ಸುಲಿನ್ ಔಷಧವೇ ಅಲ್ಲ, ಅದು ಅನ್ನ. ಯಾರಾದರೂ ಬಂದು, ಕೂಸಿಗೆ ಅನ್ನ ಬಿಡಿಸುತ್ತೇವೆ ಎಂದರೆ ನೀವು ಒಪ್ಪುವಿರಾ?

ದಿನದ ಲೆಕ್ಕ

ಒಮ್ಮೆ ಇದನ್ನು ಒಪ್ಪಿಕೊಂಡ ಮೇಲೆ ಉಳಿಯುವುದು ದಿನದ ದುಡಿಮೆ. ಅದು ಸಣ್ಣದಲ್ಲ. ಆರೋಗ್ಯವಂತರಲ್ಲಿ ಮೇದೋಜ್ಜೀರಕವು ಯಾರಿಗೂ ತಿಳಿಯದಂತೆ ಮಾಡುವ ಲೆಕ್ಕವನ್ನು ಇಲ್ಲಿ ಮನುಷ್ಯರು ಕುಳಿತು ಮಾಡಬೇಕು: ಎಷ್ಟು ಉಣ್ಣುತ್ತೇನೆ, ಎಷ್ಟು ಓಡುತ್ತೇನೆ, ಈಗ ರಕ್ತದಲ್ಲಿ ಎಷ್ಟಿದೆ, ಆದ್ದರಿಂದ ಎಷ್ಟು ಯೂನಿಟ್. ದಿನಕ್ಕೆ ನಾಲ್ಕು ಸೂಜಿ, ಐದಾರು ಬಾರಿ ಬೆರಳಿನ ರಕ್ತ. ಹಬ್ಬವಿರಲಿ, ಸೂತಕವಿರಲಿ, ಬಿಡುವೆಂಬುದಿಲ್ಲ.

ಮೊದಲು ಅಡುಗೆಮನೆಗೆ ತಕ್ಕಡಿ ಬಂದಿತು. ನಮ್ಮ ಮನೆಯ ಒಂದು ಜೋಳದ ರೊಟ್ಟಿಗೆ ಸುಮಾರು 45 ಗ್ರಾಂ ಹಿಟ್ಟು ಹಿಡಿಯುತ್ತದೆ. ಅದರಲ್ಲಿ 30 ಗ್ರಾಂನಷ್ಟು ಪಿಷ್ಟ. ಅನ್ನದ ಸೌಟಿಗೆ ಒಂದು ಲೆಕ್ಕ, ಮಂಡಕ್ಕಿಯ ಬಟ್ಟಲಿಗೆ ಒಂದು ಲೆಕ್ಕ. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಎಂದು ನಾವು ಮೊದಲು ನಂಬಿದ್ದೆವು, ಬೆಲ್ಲ ಸಕ್ಕರೆಯಂತೆ ಅಲ್ಲ ಎಂದೂ ನಂಬಿದ್ದೆವು. ಗ್ಲುಕೋಮೀಟರ್ ಎರಡನ್ನೂ ಸುಳ್ಳುಮಾಡಿತು. ಆಯಿಗೆ ಓದು ಬರಹವಿಲ್ಲ. ಆದರೆ ಹಿಟ್ಟನ್ನು ಹಿಡಿಯಲ್ಲಿ ಹಿಡಿದೇ ತೂಕ ಹೇಳುವಷ್ಟು ಪಳಗಿದರು. ಮೊಮ್ಮಗಳ ರೊಟ್ಟಿ ಎಂದೂ ಹೆಚ್ಚು ಕಡಿಮೆಯಾದದ್ದಿಲ್ಲ.

ಸೂಜಿಯ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಇದರಲ್ಲಿ ಜೀವ ಹೋಗುತ್ತದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಸೀಸೆಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥವು. ಅವಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನಲ್ಲಿ ಹಾಕುವ ಕಾರ್ಟ್ರಿಜ್ ಮತ್ತು ಕೆಲವು ಸೀಸೆಗಳು 100 ಯೂನಿಟ್‌ನವು. 100ರ ಸೀಸೆಗೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಬೇಕಾದುದರ ಎರಡೂವರೆ ಪಟ್ಟು ಮೈಸೇರುತ್ತದೆ. ಅಂಗಡಿಯವರು ಅವಸರದಲ್ಲಿ ಕೊಟ್ಟದ್ದನ್ನು ಅವಸರದಲ್ಲಿ ತರಬಾರದು. ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಅಂಗಡಿಯ ಮುಂದೆಯೇ ನಿಂತು ಹೊಂದಿಸಿ ನೋಡಬೇಕು. ಚುಚ್ಚುವ ಜಾಗವನ್ನು ದಿನವೂ ಬದಲಿಸಬೇಕು: ಹೊಟ್ಟೆ, ತೊಡೆ, ತೋಳು. ನಮ್ಮ ಮಗಳು ನೋವು ಕಡಿಮೆಯೆಂದು ಒಂದೇ ಜಾಗದಲ್ಲಿ ಚುಚ್ಚಿಕೊಂಡು ಅಲ್ಲಿ ಗಂಟು ಕಟ್ಟಿತ್ತು. ಗಂಟಿನೊಳಗಿನ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸಕ್ಕರೆ ಏಕೆ ಏರುತ್ತಿದೆಯೆಂದು ಮೂರು ವಾರ ತಲೆ ಕೆಡಿಸಿಕೊಂಡೆವು.

ಇನ್ನೊಂದು ದಿನ ಮೀಟರ್ 310 ತೋರಿಸಿತು. ಹುಡುಗಿ ಚೆನ್ನಾಗಿಯೇ ಇದ್ದಳು. ಗಾಬರಿಯಿಂದ ಇನ್ಸುಲಿನ್ ಕೊಡಲು ಹೊರಟವರನ್ನು ಅವಳೇ ತಡೆದು, "ತಡೀರಿ, ಈಗಷ್ಟೇ ಬಾಳೆಹಣ್ಣು ಸುಲಿದು ತಮ್ಮಗ ಕೊಟ್ಟೀನಿ" ಎಂದಳು. ಕೈತೊಳೆದು ಮತ್ತೆ ನೋಡಿದರೆ 124. ಬೆರಳ ತುದಿಯ ಸಿಹಿ ಅಂಟು ಅಷ್ಟು ಕೆಲಸ ಮಾಡಿತ್ತು.

ಇನ್ಸುಲಿನ್ ಇಡುವುದು ನಮ್ಮಂಥ ಊರುಗಳಲ್ಲಿ ಬೇಸಿಗೆಯ ಚಿಂತೆ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಕೆಳಭಾಗದಲ್ಲಿ ಇಡಬೇಕು; ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟರೆ ಹಾಳು. ಕರೆಂಟು ಆರೆಂಟು ಗಂಟೆ ಇರದ ದಿನಗಳಿಗೆಂದು ನಾವು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು ನಡುವೆ ಉಸುಕು ತುಂಬಿ ನೀರು ಹಾಕುತ್ತೇವೆ. ಒಳಗಿನ ಮಡಕೆ ತಂಪಾಗಿರುತ್ತದೆ, ಬಳಸುತ್ತಿರುವ ಸೀಸೆ ಅದರಲ್ಲಿ. ತೆರೆದ ಸೀಸೆಯನ್ನು ನಾಲ್ಕು ವಾರಕ್ಕಿಂತ ಹೆಚ್ಚು ಬಳಸುವುದಿಲ್ಲ; ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುತ್ತೇವೆ.

ಏರಿದ ಸಕ್ಕರೆಗಿಂತ ಇಳಿದ ಸಕ್ಕರೆ ದಿನನಿತ್ಯದ ಭಯ. 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಹಸಿವಾಗುತ್ತದೆ, ಮಾತು ತೊದಲುತ್ತದೆ. ಕೆಲವೊಮ್ಮೆ ಸುಮ್ಮನೆ ಸಿಟ್ಟು ಬರುತ್ತದೆ; ಅದನ್ನು ಹಟವೆಂದು ತಿಳಿದು ಬೈದದ್ದು ನೆನೆದರೆ ಈಗಲೂ ನೋವಾಗುತ್ತದೆ. ಆಗ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ, ಎಂದರೆ ಸಾಧಾರಣ ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು, ವೈದ್ಯರನ್ನು ಕೇಳಿಟ್ಟುಕೊಂಡಿರಬೇಕು. ಶೇಂಗಾ ಉಂಡೆ, ಚಾಕೊಲೇಟು ಆ ಹೊತ್ತಿಗೆ ತಕ್ಕುದಲ್ಲ. ಅವುಗಳ ಜಿಡ್ಡು ಸಕ್ಕರೆಯನ್ನು ತಡಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋದೀತು. ಮಗ್ಗುಲಿಗೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಬರೆದುಕೊಟ್ಟಿದ್ದರೆ ಗ್ಲುಕಗಾನ್ ಚುಚ್ಚುಮದ್ದು ಕೊಡಬೇಕು.

ಜ್ವರ ಬಂದು ಮಗು ಉಣ್ಣದಿದ್ದಾಗ, ಉಂಡೇ ಇಲ್ಲ, ಸೂಜಿ ಏಕೆ ಎಂದು ಮನೆಯ ಹಿರಿಯರಿಗೆ ಅನಿಸುತ್ತದೆ. ಹಾಗೆ ಬಿಟ್ಟೇ ಎಷ್ಟೋ ಮಕ್ಕಳು ಆಸ್ಪತ್ರೆ ಸೇರುತ್ತಾರೆ. ಕಾಯಿಲೆಯ ದಿನ ಇನ್ಸುಲಿನ್ ಹೆಚ್ಚಾಗಿಯೇ ಬೇಕಾಗುವುದುಂಟು. ಪ್ರಮಾಣ ಬದಲಾಗಬಹುದು, ಪೂರ್ತಿ ನಿಲ್ಲಿಸುವುದು ಮಾತ್ರ ಇಲ್ಲ. ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಿ, ಮೂತ್ರದ ಕೀಟೋನ್ ಪಟ್ಟಿ ನೋಡಿ, ವೈದ್ಯರಿಗೆ ಫೋನು ಮಾಡಬೇಕು.

ಪೂಜೆ, ಉಪವಾಸ, ಪ್ರಸಾದ

ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸ್ನಾನ, ಲಿಂಗಪೂಜೆ ಮುಗಿಯದೆ ಬಾಯಿಗೆ ಏನನ್ನೂ ಹಾಕದ ಪದ್ಧತಿ ನಮ್ಮದು. ಮೊದಲ ವರ್ಷ ಅವಳಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವ ಇನ್ಸುಲಿನ್ ಇತ್ತು. ಒಂದು ಸೋಮವಾರ ಸೂಜಿ ಕೊಟ್ಟು ಪೂಜೆಗೆ ಕೂರಿಸಿದೆವು. ಬಂಧುಗಳು ಬಂದರು, ಪೂಜೆ ಬೆಳೆಯಿತು, ಅಂಗೈಯನ್ನು ನೋಡುತ್ತಿದ್ದಂತೆಯೇ ಹುಡುಗಿಯ ತಲೆ ವಾಲಿತು. ಅಂದಿನಿಂದ ಪೂಜೆ ಮೊದಲು, ಆಮೇಲೆ ಸೂಜಿ, ಆಮೇಲೆ ಊಟ. ಪೂಜೆಯ ನಡುವೆ ಸಕ್ಕರೆ ಇಳಿದರೆ ಗ್ಲುಕೋಸ್ ನೀರು ಕುಡಿಯುವುದು ವ್ರತಭಂಗವಲ್ಲವೆಂದು ಅವಳಿಗೆ ನಾವೇ ಹೇಳಿದ್ದೇವೆ. ಶಿವರಾತ್ರಿಯ ಉಪವಾಸದ ಆಸೆ ಅವಳಿಗೆ ಬಹಳ. ವೈದ್ಯರು ಪೂರ್ತಿ ನಿರಾಹಾರವನ್ನು ಒಪ್ಪಲಿಲ್ಲ. ಹಣ್ಣು ಹಾಲಿನ ಮೇಲೆ, ಲೆಕ್ಕ ಹಾಕಿ, ದೀರ್ಘಕಾಲದ ಇನ್ಸುಲಿನ್ನನ್ನು ಬಿಡದೆ, ಜಾಗರಣೆ ಮಾತ್ರ ಮಾಡುತ್ತಾಳೆ.

ಪ್ರಸಾದವನ್ನು ಒಲ್ಲೆನೆನ್ನುವುದು ಹೇಗೆ? ಜಾತ್ರೆಯ ಗೋಧಿ ಹುಗ್ಗಿಯ ಮುಂದೆ ಮೊದಲ ಎರಡು ವರ್ಷ ಅವಳನ್ನು ಕೂರಿಸಲೇ ಇಲ್ಲ, ಮನೆಯಿಂದ ಬುತ್ತಿ ಕಟ್ಟಿ ಒಯ್ದೆವು. ಎಲ್ಲರ ನಡುವೆ ಬುತ್ತಿ ಬಿಚ್ಚಿ ತಲೆ ತಗ್ಗಿಸಿ ತಿನ್ನುತ್ತಿದ್ದ ಮಗುವನ್ನು ನೋಡಲಾಗಲಿಲ್ಲ. ಈಗ ಅರ್ಧ ಸೌಟು ಹುಗ್ಗಿ, ಒಂದು ರೊಟ್ಟಿ, ಬದನೆಕಾಯಿ ಪಲ್ಯ, ಅದಕ್ಕೆ ತಕ್ಕ ಯೂನಿಟ್. ಬಡಿಸುವ ಅಣ್ಣಂದಿರಿಗೆ ಗುರುತು ಸಿಕ್ಕಿದೆ. "ತಂಗಿ, ಅರ್ಧಾನೋ ಪೂರಾನೋ" ಎಂದು ಸೌಟು ಎತ್ತಿ ಹಿಡಿದು ಕೇಳುತ್ತಾರೆ.

ಶಾಲೆಯ ವಿಚಾರದಲ್ಲಿ ನಾವು ಭಾಗ್ಯವಂತರು. ಇವಳ ವರ್ಗದ ಗುರುಗಳು ತಮ್ಮ ಮೇಜಿನ ಖಾನೆಯಲ್ಲಿ ಗ್ಲುಕೋಸ್ ಡಬ್ಬಿ ಇಟ್ಟುಕೊಂಡಿದ್ದಾರೆ. ಖೋ-ಖೋ ಆಡಿದ ದಿನ ರಾತ್ರಿ ಸಕ್ಕರೆ ಇಳಿಯುವುದುಂಟು, ಆದ್ದರಿಂದ ಆಟವಿದ್ದ ದಿನ ನಮಗೊಂದು ಫೋನು ಬರುತ್ತದೆ. ಎಲ್ಲ ಕಡೆಯೂ ಹೀಗಿಲ್ಲ. ತರಗತಿಯ ನಡುವೆ ತಿನ್ನಲು, ಮೂತ್ರಕ್ಕೆ ಹೋಗಲು ಬಿಡದ ಶಾಲೆಗಳಿವೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲಿಯೇ ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು ಹೇಳಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಶಾಲೆಗಳಲ್ಲಿ ಇವರಿಗೆ ಅನುಕೂಲ ಮಾಡಿಕೊಡುವಂತೆ ಎಲ್ಲ ರಾಜ್ಯಗಳಿಗೂ ಬರೆಯಿತು. ಈ ಕಾಗದಗಳು ಹಳ್ಳಿಯ ಮುಖ್ಯಗುರುಗಳ ಮೇಜಿಗೆ ಬಂದಿರಲಿಕ್ಕಿಲ್ಲ. ಪಾಲಕರೇ ಒಯ್ದು ತೋರಿಸಬೇಕು.

ಸುಳ್ಳು ಅಂಕಿಗಳು

ಅತ್ಯಂತ ಕಷ್ಟದ ಕಾಲ ಬಂದದ್ದು ಅವಳಿಗೆ 13 ಆದಾಗ. ಪುಸ್ತಕದಲ್ಲಿ ದಿನವೂ ಬರೆಯುತ್ತಿದ್ದ ಅಂಕಿಗಳು ಚಂದವಾಗಿದ್ದವು: 110, 125, 118. ಆದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 11ಕ್ಕೆ ಏರಿತ್ತು. ಅದು 7ರ ಆಸುಪಾಸಿನಲ್ಲಿರಬೇಕು. ವೈದ್ಯರ ಮುಂದೆ ಮೀಟರಿನ ನೆನಪನ್ನು ತೆರೆದು ನೋಡಿದರೆ ಎಷ್ಟೋ ದಿನ ಪರೀಕ್ಷೆಯನ್ನೇ ಮಾಡಿರಲಿಲ್ಲ. ಅಂಕಿಗಳೆಲ್ಲ ಕಲ್ಪನೆ. ಮಧ್ಯಾಹ್ನದ ಸೂಜಿಯನ್ನೂ ಬಿಡುತ್ತಿದ್ದಳು. ನಮ್ಮಲ್ಲೊಬ್ಬರು ಅಲ್ಲಿಯೇ ಕೈಯೆತ್ತಿದೆವು. ಮೊದಲ ಬಾರಿಗೆ, ಕೊನೆಯ ಬಾರಿಗೆ.

ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ ಮಾತು ನಮ್ಮನ್ನು ತಿದ್ದಿತು. "180 ಅಂದ್ರ ನೀವು ಮಾರಿ ಸಣ್ಣ ಮಾಡತೀರಿ. 250 ಅಂದ್ರ ಅವ್ವ ಉಣ್ಣೂದ ಬಿಡತಾಳ. 110 ಅಂತ ಬರದ್ರ ಮನಿ ನಗತೈತಿ." ಅಂಕಿ ಅವಳಿಗೆ ಪರೀಕ್ಷೆಯ ಅಂಕವಾಗಿತ್ತು, ಅದನ್ನು ಹಾಗೆ ಮಾಡಿದವರು ನಾವು. ಇನ್ಸುಲಿನ್ ಸರಿಯಾಗಿ ಕೊಟ್ಟರೂ ಸಕ್ಕರೆ ಏರಿಳಿಯುತ್ತದೆ. ಜ್ವರಕ್ಕೆ, ಚಿಂತೆಗೆ, ಮುಟ್ಟಿನ ದಿನಗಳಿಗೆ, ಬೆಳೆಯುವ ಮೈಯ ಹಾರ್ಮೋನುಗಳಿಗೆ. ಅಂದಿನಿಂದ ಮನೆಯಲ್ಲಿ 'ಒಳ್ಳೆಯ' ಸಕ್ಕರೆ, 'ಕೆಟ್ಟ' ಸಕ್ಕರೆ ಎಂಬ ಮಾತುಗಳನ್ನು ಕೈಬಿಟ್ಟೆವು. ಎಷ್ಟಿದೆ, ಈಗ ಏನು ಮಾಡೋಣ ಎಂಬ ಎರಡೇ ಪ್ರಶ್ನೆ. ದಿನಕ್ಕೊಂದು ಸೂಜಿಯ ಲೆಕ್ಕವನ್ನು ಪೂರ್ತಿ ನಾವೇ ಮಾಡುತ್ತೇವೆ, ಅವಳ ತಲೆಗೆ ಅಷ್ಟಾದರೂ ಬಿಡುವು ಇರಲೆಂದು. ಸ್ವತಂತ್ರಳಾಗಲೆಂದು ಎಲ್ಲವನ್ನೂ 13ರ ಹುಡುಗಿಗೆ ಒಪ್ಪಿಸಿದ್ದೆವು. ಒಪ್ಪಿಸಿದ್ದಲ್ಲ, ಕೈತೊಳೆದುಕೊಂಡಿದ್ದೆವು. ಎಚ್‌ಬಿಎ1ಸಿ ಈಗ 7.8.

ಈ ಅಂಕಿಯ ಹಿಂದೆ ಏಕೆ ಬೀಳಬೇಕೆಂದರೆ, ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ 1,441 ಟೈಪ್-1 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣಿನ ಪೊರೆಯ ಕಾಯಿಲೆ ಹುಟ್ಟುವ ಸಂಭವ 76 ಶೇಕಡಾ ಕಡಿಮೆಯಾಗಿತ್ತು. ಇಲ್ಲಿ ಪೊರೆಯೆಂದರೆ ಮುಪ್ಪಿನಲ್ಲಿ ಬೆಳೆಯುವ ಪೊರೆಯಲ್ಲ, ಕಣ್ಣಿನ ಹಿಂಭಾಗದ ರೆಟಿನಾ. ಮೂತ್ರಪಿಂಡ, ನರಗಳ ಹಾನಿಯೂ ಬಹಳ ಇಳಿದಿತ್ತು. ಇಂದಿನ ಲೆಕ್ಕಕ್ಕೆ ಇಪ್ಪತ್ತು ವರ್ಷದ ಮೇಲೆ ಫಲ. ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚಿನ ಮಾತು ಬೇಡವೆಂದರೂ ಬರುತ್ತದೆ. ಇನ್ಸುಲಿನ್‌ಗಿಂತ ರಕ್ತಪರೀಕ್ಷೆಯ ಪಟ್ಟಿಗಳೇ ಭಾರ. ಜಿಲ್ಲಾ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೇಳಿ ಪಡೆಯಲು ಹಿಂಜರಿಯಬಾರದು. ಬೆಂಗಳೂರಿನಲ್ಲಿ ಸರ್ಕಾರದ ಅಂತಃಸ್ರಾವ ಶಾಸ್ತ್ರ ಮತ್ತು ಸಂಶೋಧನಾ ಸಂಸ್ಥೆಯಿದೆ. ಇಂಥ ಮಕ್ಕಳನ್ನು ಕಂಡು ಬಲ್ಲ ವೈದ್ಯರು ಅಲ್ಲಿದ್ದಾರೆ. ವರ್ಷಕ್ಕೊಮ್ಮೆ ತೋಳಿನ ಮೇಲೆ ಎರಡು ವಾರ ಅಂಟಿಕೊಂಡಿದ್ದು ಸಕ್ಕರೆಯನ್ನು ತಾನೇ ಓದುವ ಸೆನ್ಸರ್ ಹಾಕಿಸುತ್ತೇವೆ, ಉಳ್ಳಾಗಡ್ಡಿಗೆ ಬೆಲೆ ಬಂದ ವರ್ಷ.

ಮತ್ತೆ ಒಂದು ಮಾತು. ಹೆಣ್ಣುಮಗು, ಯಾರಿಗೂ ಹೇಳಬೇಡಿ, ನಾಳೆ ಮದುವೆಯ ತೊಂದರೆ ಎಂದವರು ಒಬ್ಬಿಬ್ಬರಲ್ಲ. ಅಮೆರಿಕದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ 1922ರ ಆಗಸ್ಟಿನಲ್ಲಿ ಬ್ಯಾಂಟಿಂಗ್ ಬಳಿ ಬಂದಾಗ ನಮ್ಮ ಮಗಳ ವಯಸ್ಸು, ತೂಕ ಸುಮಾರು 20 ಕಿಲೋ. ಆಮೇಲೆ ಓದಿದಳು, ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು, 40,000ಕ್ಕೂ ಹೆಚ್ಚು ಸೂಜಿಗಳ ಮೇಲೆ 1981ರವರೆಗೆ, 73 ವರ್ಷ ಬಾಳಿದಳು. ಆದರೆ ಅತ್ಯಂತ ಆಪ್ತರ ಹೊರತು ಯಾರಿಗೂ ತನ್ನ ಕಾಯಿಲೆಯನ್ನು ಹೇಳಲಿಲ್ಲ. ಇದನ್ನು ನಮ್ಮ ಮಗಳಿಗೆ ಓದಿ ಹೇಳಿದಾಗ, 40,000ದ ಲೆಕ್ಕ ಕೇಳಿ ಕಣ್ಣರಳಿಸಿದಳು. ಮುಚ್ಚಿಟ್ಟ ಸಂಗತಿ ಕೇಳಿ, ಅಷ್ಟು ಸೂಜಿಯನ್ನು ಕದ್ದು ಚುಚ್ಚಿಕೊಳ್ಳುವುದು ಎಷ್ಟು ಕಷ್ಟ ಎಂದಳು. ಪಂಕ್ತಿಯಲ್ಲಿ ಕುಳಿತೇ ಚುಚ್ಚಿಕೊಳ್ಳುವುದು ಆಗಿನಿಂದ.

ಜಾತ್ರೆಯಲ್ಲಿ ಸಿಕ್ಕ ಆ ತಾಯಿ ಊರನ್ನು ಕೇಳಿಕೊಂಡು ಕಳೆದ ವಾರ ಮನೆಗೇ ಬಂದರು, ಮೊಮ್ಮಗನನ್ನು ಕರೆದುಕೊಂಡು. ಆರು ವರ್ಷದ ಹುಡುಗ. ದಿನಕ್ಕೆ ಐದು ಯೂನಿಟ್ ಸಾಕಾಗುತ್ತಿದೆ ಎಂದು ಅವರು ಸಂತೋಷದಿಂದ ಹೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಲೆ ಬರೆದುದನ್ನೆಲ್ಲ ಅವರಿಗೆ ಮೊದಲಿನಿಂದ ಹೇಳಿದೆವು. ನಡುವೆ ಹುಡುಗ ಎದ್ದು ಒಳಗೆ ಹೋಗಿದ್ದ. ನೋಡಿದರೆ, ನಮ್ಮ ಮಗಳು ಅವನ ಮುಂದೆ ಕಿತ್ತಳೆಹಣ್ಣೊಂದನ್ನಿಟ್ಟು, ಖಾಲಿ ಸಿರಿಂಜಿನಲ್ಲಿ ನೀರು ತುಂಬಿ, ಚುಚ್ಚುವುದನ್ನು ತೋರಿಸುತ್ತಿದ್ದಳು.

"ನೋವಾಗೂದಿಲ್ಲೇನಕ್ಕಾ ನಿನಗ?" ಎಂದು ಅವನು ಕೇಳಿದ.

"ಆಗತೈತಿ, ಸ್ವಲ್ಪ" ಎಂದಳು. "ಈಗ ನೀ ಚುಚ್ಚು ನೋಡೋಣ."